ಟೆರೇಸಿಗೆ ಬಿಳಿ ರಬ್ಬರ್ ಕೋಟಿಂಗ್: 1000 ಚದರಡಿಗೆ ಎರಡು ಡಬ್ಬಿ ಸಾಕಾ?

ಶಹಾಪುರ_ಓಣಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಶಹಾಪುರದಲ್ಲಿ ನಮ್ಮ ಮನೆ. ಮೇಲೆ ಸುಮಾರು 1000 ಚದರಡಿ ಟೆರೇಸ್. ಅಪ್ಪ ಕಟ್ಟಿಸಿದ ಮನೆ, ಸ್ಲ್ಯಾಬ್ ಮೇಲೆ ಆಗಿನ ಕಾಲದ ಇಟ್ಟಿಗೆ ಕೋಬಾ, ಅಂದರೆ ಇಟ್ಟಿಗೆ ಚೂರು, ಗಾರೆ ಹಾಕಿ ಇಳಿಜಾರು ಕೊಟ್ಟ ಪದರು, ಇದೆ. ಈಗ ಎರಡು ತೊಂದರೆ. ಒಂದು, ದೇವರ ಮನೆಯ ಮೂಲೆಯಲ್ಲಿ ನೀರಿನ ಕಲೆ ಬರುತ್ತಿದೆ. ಮೇಲೆ ಪ್ಯಾರಾಪೆಟ್ ಮತ್ತು ಸ್ಲ್ಯಾಬ್ ಕೂಡುವ ಜಾಗ ಸರಿಯಾಗಿ ಅಲ್ಲೇ ಬರುತ್ತದೆ. ಇನ್ನೊಂದು, ಪಶ್ಚಿಮದ ಗೋಡೆ. ಜುಲೈ, ಆಗಸ್ಟಿನಲ್ಲಿ ಒಳಗಿನಿಂದ ಕೈ ಇಟ್ಟರೆ ತಣ್ಣಗೆ ಹತ್ತುತ್ತದೆ, ಪುಟ್ಟಿ ಉಬ್ಬಿ ಉದುರುತ್ತದೆ.

ಒಬ್ಬ ಕಾಂಟ್ರ್ಯಾಕ್ಟರ್ ಬಂದು ನೋಡಿ ಹೋದರು. "ಎಲಾಸ್ಟೊಮೆರಿಕ್ ಕೋಟಿಂಗ್ ಹೊಡೆಯೋಣ. ರಬ್ಬರ್ ಇದ್ದಂಗ ಹಿಗ್ಗತದ. ಎರಡು ಕೋಟ್, 20 ಲೀಟರಿನ ಎರಡು ಡಬ್ಬಿ ಸಾಕು. ಉಳಿದದ್ದು ಗೋಡೆಗೂ ಆಗತದ. ಏಳು ವರ್ಷ ಗ್ಯಾರಂಟಿ" ಎಂದರು. ಈಗಿನ್ನೂ ಫೆಬ್ರುವರಿ. ಮಿರಗ, ಅಂದರೆ ಮೃಗಶಿರ ಮಳೆ, ಕೂಡುವ ಮೊದಲು ಮುಗಿಸಬೇಕು. ಇದು ನಿಜಕ್ಕೂ ಕೆಲಸ ಮಾಡುತ್ತದಾ? ಮಾಡಿಸಿದವರು, ಕೆಲಸ ಗೊತ್ತಿದ್ದವರು ಹೇಳಿ.

ನವನಗರ_ಸೈಟ್, ಬಾಗಲಕೋಟೆ

ಕೋಟಿಂಗ್ ಖಂಡಿತ ಕೆಲಸ ಮಾಡುತ್ತದೆ ಸರ್. ಎರಡು ಡಬ್ಬಿಗೆ ಮಾತ್ರ ಮಾಡುವುದಿಲ್ಲ. ನಾನು ಸಿವಿಲ್ ಕೆಲಸದವನು, ಲೆಕ್ಕ ಬಿಡಿಸಿ ಹೇಳುತ್ತೇನೆ. ಇದೊಂದು ಲೆಕ್ಕ ಗೊತ್ತಿದ್ದರೆ ಯಾರ ಮುಂದೆಯೂ ಧೈರ್ಯವಾಗಿ ಮಾತಾಡಬಹುದು.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ಹರಡಿದರೆ ದಪ್ಪ ಸರಿಯಾಗಿ 1 ಮಿಲಿಮೀಟರ್ ಆಗುತ್ತದೆ. ಇಂಥ ಡಬ್ಬಿಯಲ್ಲಿ ಸಾಮಾನ್ಯವಾಗಿ ಬರುವ, ನೀರು ಹಾಕಿ ಮಾಡುವ ಅಕ್ರಿಲಿಕ್ ಕೋಟಿಂಗಿನಲ್ಲಿ ಗಟ್ಟಿ ಪದಾರ್ಥ ಅಳತೆಯಲ್ಲಿ, ಅಂದರೆ ಲೀಟರ್ ಲೆಕ್ಕದಲ್ಲಿ, ಅರ್ಧದ ಆಸುಪಾಸು. ಉಳಿದ ನೀರು ಆರಿ ಹೋಗುತ್ತದೆ. ಹಾಗಾಗಿ 1 ಮಿ.ಮೀ. ಹಸಿ ಪದರು ಒಣಗಿದ ಮೇಲೆ ಅರ್ಧ ಮಿ.ಮೀ. ಮಾತ್ರ ಉಳಿಯುತ್ತದೆ.

ನಿಮ್ಮ 1000 ಚದರಡಿ ಅಂದರೆ 93 ಚದರ ಮೀಟರ್. ಎರಡು ಡಬ್ಬಿ ಅಂದರೆ 40 ಲೀಟರ್. ಒಣಗಿದಾಗ ದಪ್ಪ ಬರುವುದು 0.21 ಮಿ.ಮೀ. ಅದೂ ನೆಲ ಪೂರ್ತಿ ನುಣುಪಾಗಿದ್ದರೆ. ಹಳೆಯ ಕೋಬಾದ ಒರಟು ಮೈಯಲ್ಲಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಉಬ್ಬಿನ ಮೇಲೆ ಹೆಸರಿಗಷ್ಟೇ ಇರುತ್ತದೆ. ಮಾಮೂಲಿ ಹೊರಗೋಡೆ ಬಣ್ಣಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಟೆರೇಸಿಗೆ ಕಡಿಮೆ ಎಂದರೂ ಒಣಗಿದ ದಪ್ಪ ಅರ್ಧ ಮಿ.ಮೀ. ಇರಲೇಬೇಕು ಎನ್ನುವವನು ನಾನು. ಮುಕ್ಕಾಲು ಇದ್ದರೆ ಇನ್ನೂ ಒಳ್ಳೆಯದು. ಅರ್ಧಕ್ಕೇ 93 ಲೀಟರ್ ಬೇಕು. ಪ್ಯಾರಾಪೆಟ್ ಸುತ್ತ ಒಂದಡಿ ಮೇಲಕ್ಕೆ ಏರಿಸಬೇಕು, ಅದಕ್ಕೆ ಸುಮಾರು 12 ಲೀಟರ್. ಒರಟು ಮೈ ಕುಡಿಯುವುದನ್ನೂ ಸೇರಿಸಿ ಆರು ಡಬ್ಬಿ ಹಿಡಿಯಿರಿ. ಗೋಡೆ ಲೆಕ್ಕ ಬೇರೆ.

ದಪ್ಪಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಡಬ್ಬಿಯ ಮೇಲೆ "ಮೂರು ಪಟ್ಟು ಹಿಗ್ಗುತ್ತದೆ" ಎಂದು ಬರೆದಿರುವುದು ಬಿಡಿ ಹಾಳೆಯನ್ನು ಎಳೆದು ನೋಡಿದ ಲೆಕ್ಕ. ಟೆರೇಸಿನಲ್ಲಿ ಅದು ಕಾಂಕ್ರೀಟಿಗೆ ಅಂಟಿಕೊಂಡಿರುತ್ತದೆ. ಕೆಳಗೆ ಬಿರುಕು ಬಾಯಿ ಬಿಟ್ಟಾಗ ಪೂರ್ತಿ ಪದರು ಹಿಗ್ಗುವುದಿಲ್ಲ. ಬಿರುಕಿನ ನೇರಕ್ಕೆ ಇರುವ ಕೂದಲಗಲದ ಪಟ್ಟಿಯೊಂದೇ ಅಷ್ಟೂ ಎಳೆತ ತಡೆಯಬೇಕು. ಪದರು ತೆಳ್ಳಗಿದ್ದಷ್ಟು ಆ ಪಟ್ಟಿಯೂ ಕಿರಿದು. ಎಂಥ ಒಳ್ಳೆ ಮಾಲು ಇದ್ದರೂ ಹರಿದೇ ಹರಿಯುತ್ತದೆ. ದಪ್ಪ ಜಾಸ್ತಿಯಾದರೆ ಎಳೆತ ಹೆಚ್ಚು ಜಾಗಕ್ಕೆ ಹಂಚಿ ಹೋಗುತ್ತದೆ.

ಕಾಂಕ್ರೀಟ್ ಎಷ್ಟು ಅಲುಗಾಡುತ್ತದೆ ಅಂತ ಅಂದಾಜು ಬೇಕಾದರೆ, 10 ಮೀಟರ್ ಉದ್ದದ ಸ್ಲ್ಯಾಬಿಗೆ 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಸ್ಲ್ಯಾಬಿನ ಮೈ ಅಷ್ಟು ಏರುಪೇರು ಆಗುವುದು ಮಾಮೂಲು.

ಗೌಂಡಿ_ಕೆಲಸ, ಖಾನಾಪುರ

ಸಾಹೇಬರು ಹೇಳಿದ ಲೆಕ್ಕ ಬರೋಬ್ಬರಿ ಇದೆ. ನಾನು ಕೈಯಿಂದ ಮಾಡುವವನು, ಅದರ ಮೊದಲಿನ ಕೆಲಸ ಹೇಳುತ್ತೇನೆ. ಸೋರಿಕೆ ನಿಲ್ಲುವುದು ಅಲ್ಲಿಯೇ.

ದೇವರ ಮನೆ ಮೂಲೆಯ ಕಲೆ ಟೆರೇಸ್ ನಡುವಿನಿಂದ ಬಂದಿರುವುದು ಅಪರೂಪ. ಪ್ಯಾರಾಪೆಟ್ ಇಟ್ಟಿಗೆಯದು, ಕೆಳಗೆ ಕಾಂಕ್ರೀಟ್. ಬಿಸಿಲಿಗೆ ಎರಡೂ ಬೇರೆ ಬೇರೆ ಥರ ಹಿಗ್ಗುತ್ತವೆ, ನಡುವೆ ಉದ್ದಕ್ಕೂ ಒಂದು ಸೀಳು ಬೀಳುತ್ತದೆ. ಒಂದು ಹಳೆಯ ಸ್ಕ್ರೂಡ್ರೈವರ್ ತಗೊಂಡು ಆ ಮೂಲೆಯ ಗಿಲಾವು ಕುಟ್ಟಿ ನೋಡಿ. ಡಬಡಬ ಅಂತ ಪೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ ಅಂತ ಅರ್ಥ. ಅದನ್ನು ಪೂರ್ತಿ ಒಡೆದು ತೆಗೆಯಬೇಕು. ಸೀಳನ್ನು ಗ್ರೈಂಡರಿನಿಂದ ಅಗಲ ಮಾಡಿ, ಧೂಳು ಊದಿ, ಪಿಯು ಸೀಲಂಟ್, ಅಂದರೆ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಅಂಟು, ತುಂಬಬೇಕು. ಅದರ ಮೇಲೆ ಪಾಲಿಮರ್ ಹಾಕಿದ ಸಿಮೆಂಟಿನಿಂದ ಗೋಲಾ, ಅಂದರೆ ಮೂಲೆಗೆ ದುಂಡನೆಯ ಅಂಚು, ಹೊಡೆಯಬೇಕು. ಮೂಲೆ ಚೌಕವಾಗಿ ಬಿಟ್ಟರೆ ಕೋಟಿಂಗ್ ಅಲ್ಲಿ ಮಡಿಕೆ ಬಿದ್ದು ಮೊದಲು ಹರಿಯುತ್ತದೆ. ಗೋಲಾ ಒಣಗಿದ ಮೇಲೆ ಒಂದು ಕೈ ಕೋಟಿಂಗ್, ಅದು ಹಸಿ ಇರುವಾಗಲೇ ಫೈಬರ್ ಜಾಳಿಗೆ ಪಟ್ಟಿ ಒತ್ತಿ ಕೂರಿಸಿ, ಮೇಲೆ ಮತ್ತೆ ಕೋಟಿಂಗ್. ಜಾಳಿಗೆಯ ಕಣ್ಣು ಕಾಣಬಾರದು.

ಪೈಪ್ ಬಾಯಿ, ಟಾಕಿಯ ಕಾಲು, ಸೋಲಾರ್ ಹೀಟರಿನ ಸ್ಟ್ಯಾಂಡ್ ಸುತ್ತ ಇದೇ ರೀತಿ ಮಾಡಬೇಕು. ನಡು ಟೆರೇಸ್ ಸುಲಭ. ಅಂಚುಗಳಿಗೆ ಇಡೀ ಒಂದು ದಿನ ಕೊಡದ ಕೆಲಸಗಾರರು ಬಂದರೆ ಅಲ್ಲೇ ನಿಲ್ಲಿಸಿ ಕೇಳಿ.

ಪಾಚಿ ಇದ್ದರೆ ತಂತಿ ಬ್ರಷ್ ಹಾಕಿ ತಿಕ್ಕಿ, ಪ್ರೆಶರ್ ನೀರಿನಿಂದ ತೊಳೆದು, ಒಣಗಲು ಬಿಡಬೇಕು. ಪಾಚಿ ಮೇಲೆ ಹೊಡೆದ ಕೋಟಿಂಗ್ ಹಪ್ಪಳ ಎದ್ದ ಹಾಗೆ ಎದ್ದು ಬರುತ್ತದೆ. ಸುಮ್ನೆ ಕಸಬರಿಗೆ ಆಡಿಸಿ ಬಣ್ಣ ಸುರಿಯುವವರು ಜಾಸ್ತಿ ಇದ್ದಾರೆ. ನೀವು ಮನೆಯವರು ಅವತ್ತು ಮೇಲೇ ಇರಿ.

ಬಣ್ಣದ_ಅಂಗಡಿ, ಅಥಣಿ

ಡಬ್ಬಿ ವಿಷಯ ಬಂದಿದ್ದಕ್ಕೆ ಒಂದು ಮಾತು. ಕೆಲವು ಮಾಲು ಲೀಟರಿನಲ್ಲಿ, ಕೆಲವು ಕಿಲೋದಲ್ಲಿ ಬರುತ್ತವೆ. ಈ ಕೋಟಿಂಗ್ ನೀರಿಗಿಂತ ಭಾರ, ಲೀಟರಿಗೆ 1.3 ಕಿಲೋ ಹತ್ತಿರ. 20 ಕಿಲೋ ಡಬ್ಬಿಯಲ್ಲಿ ಸುಮಾರು 15 ಲೀಟರ್ ಮಾತ್ರ ಇರುತ್ತದೆ. ಎರಡೂ ಡಬ್ಬಿ ನೋಡಲು ಒಂದೇ ಗಾತ್ರ, ಗಿರಾಕಿಗೆ ಫರಕು ತಿಳಿಯುವುದಿಲ್ಲ. ಗಟ್ಟಿ ಪದಾರ್ಥ ಎಷ್ಟು ಅಂತ ಓದುವಾಗಲೂ ತೂಕದಲ್ಲಿ ಹೇಳಿದ್ದಾರಾ, ಅಳತೆಯಲ್ಲಿ ಹೇಳಿದ್ದಾರಾ ನೋಡಿ. ತೂಕದ ಸಂಖ್ಯೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ನವನಗರದ ಸರ್ ಹೇಳಿದ ಲೆಕ್ಕಕ್ಕೆ ಅಳತೆಯ ಸಂಖ್ಯೆ ಬೇಕು. ಅದು ಕಂಪನಿಯ ತಾಂತ್ರಿಕ ಹಾಳೆಯಲ್ಲಿ ಇರುತ್ತದೆ, ಅಂಗಡಿಯವರನ್ನು ಕೇಳಿ ಪಡೆಯಿರಿ.

ಜಾತಿಗಳೂ ಬೇರೆ ಬೇರೆ. ಅಕ್ರಿಲಿಕ್ ಅಗ್ಗ, ಬಿಸಿಲು ಚೆನ್ನಾಗಿ ತಡೆಯುತ್ತದೆ, ಹೊಡೆಯುವುದು ಸುಲಭ. ಅದರ ದೌರ್ಬಲ್ಯ ನಿಂತ ನೀರು. ವಾರಗಟ್ಟಲೆ ನೀರಿನಡಿ ಇದ್ದರೆ ಮೆತ್ತಗಾಗಿ ಅಂಟು ಬಿಡುತ್ತದೆ. ಪಾಲಿಯುರೆಥೇನ್, ನಾವು ಪಿಯು ಅನ್ನುವುದು, ಗಟ್ಟಿ, ಓಡಾಟ ತಡೆಯುತ್ತದೆ, ನಿಂತ ನೀರಿಗೂ ಅಷ್ಟು ಅಂಜುವುದಿಲ್ಲ. ಆದರೆ ಅಗ್ಗದ ಪಿಯು ಬಿಸಿಲಿಗೆ ಹಳದಿಯಾಗುತ್ತದೆ, ಮೇಲೆ ಬೇರೆ ಪದರು ಬೇಕು. ಹಸಿ ಸ್ಲ್ಯಾಬ್ ಮೇಲೆ ಹೊಡೆದರೆ ಗುಳ್ಳೆ ಏಳುತ್ತದೆ. ಸಿಲಿಕೋನ್ ನಿಂತ ನೀರಿಗೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ಧೂಳು ಹಿಡಿಯುತ್ತದೆ, ಮಳೆಯಲ್ಲಿ ಜಾರುತ್ತದೆ. ಒಮ್ಮೆ ಸಿಲಿಕೋನ್ ಹಾಕಿದ ಮೇಲೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟುವುದಿಲ್ಲ.

ಶಹಾಪುರ_ಓಣಿ, ಬೆಳಗಾವಿ

ಇಷ್ಟೊಂದು ವಿಷಯ ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಮೂಲೆ ಕುಟ್ಟಿ ನೋಡಿದೆ ಅಣ್ಣಾ, ಸುಮಾರು ನಾಲ್ಕಡಿ ಉದ್ದಕ್ಕೆ ಪೊಳ್ಳು ಸದ್ದು ಬರುತ್ತಿದೆ. ಇನ್ನೆರಡು ಪ್ರಶ್ನೆ. ಟೆರೇಸ್ ಒಂದು ಕಡೆ ಮಳೆ ನಿಂತ ಮೇಲೂ ನೀರು ಉಳಿಯುತ್ತದೆ, ಅದಕ್ಕೆ ಏನು ಮಾಡಬೇಕು? ಮತ್ತೆ ಕೋಬಾ ಹಾಗೇ ಇರಲಾ, ತೆಗೆಸಲಾ?

ನವನಗರ_ಸೈಟ್, ಬಾಗಲಕೋಟೆ

ಮಳೆ ನಿಂತು 48 ಗಂಟೆ ಆದ ಮೇಲೂ ನೀರು ಉಳಿದರೆ ಅದನ್ನು ನಿಂತ ನೀರು ಎಂದು ಲೆಕ್ಕ ಹಿಡಿಯುತ್ತಾರೆ. ಬೆಳಗಾವಿಯಲ್ಲಿ ಜುಲೈ ತಿಂಗಳು ಮಳೆ ಬಿಡುವುದೇ ಕಡಿಮೆ. ಆ ಜಾಗ ತಿಂಗಳು ಪೂರ್ತಿ ಕೆರೆಯಾಗಿಯೇ ಇರುತ್ತದೆ. ಅಲ್ಲಿ ಅಕ್ರಿಲಿಕ್ ಹೊಡೆದರೆ ದುಡ್ಡು ನೀರಿಗೆ ಹಾಕಿದ ಹಾಗೆಯೇ. ಮೊದಲು ಆ ತಗ್ಗನ್ನು ಪಾಲಿಮರ್ ಸಿಮೆಂಟಿನಿಂದ ತುಂಬಿ ಪೈಪಿನ ಕಡೆ ಇಳಿಜಾರು ಕೊಡಿ. 100 ಅಡಿಗೆ ಒಂದಡಿ ಇಳಿಜಾರು ಕನಿಷ್ಠ. ಹೊಸದಾಗಿ ತುಂಬಿದ್ದು ಚೆನ್ನಾಗಿ ಕ್ಯೂರ್ ಆಗಿ ಒಣಗಿದ ಮೇಲೆಯೇ ಕೋಟಿಂಗ್.

ಕೋಬಾ ವಿಷಯದಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಟೆರೇಸಿಗೆ ಅಂಟಿಸಿ. ಸಂಜೆ ಅಂಟಿಸಿ ಮರುದಿನ ನೋಡಿ, 16 ಗಂಟೆಯಾದರೂ ಇರಲಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ, ಅಥವಾ ಕೆಳಗಿನ ನೆಲ ಕಪ್ಪಗಾಗಿದ್ದರೆ ಒಳಗೆ ನೀರಿದೆ. ಅದರ ಮೇಲೆ ಕೋಟಿಂಗ್ ಹಾಕಿದರೆ ಬಿಸಿಲಿಗೆ ಆ ನೀರು ಆವಿಯಾಗಿ ಪದರನ್ನು ಎತ್ತುತ್ತದೆ. ಮೂರು ನಾಲ್ಕು ಕಡೆ ಹೀಗೆ ನೋಡಿ.

ಒಣಗಿದ್ದು ಗಟ್ಟಿ ಇದ್ದರೆ ಕೋಬಾ ಇರಲಿ. ಪೊಳ್ಳಾಗಿ, ನೀರು ಕುಡಿದು ಕೂತಿದ್ದರೆ ತೆಗೆಸುವುದೇ ಒಳ್ಳೆಯದು. ಒಂದು ಮಾತ್ರ ಮಾಡಬೇಡಿ. ಹಳೆಯದರ ಮೇಲೆ ಇನ್ನೊಂದು ಕೋಬಾ ಹಾಕೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಲ್ಕು ಇಂಚಿನ ಕೋಬಾ ಚದರ ಮೀಟರಿಗೆ ಹೆಚ್ಚು ಕಡಿಮೆ 200 ಕಿಲೋ. ಓಡಾಡುವ ಟೆರೇಸಿಗೆ ಜನ, ಸಾಮಾನು ಎಲ್ಲ ಸೇರಿ ಲೆಕ್ಕ ಹಿಡಿಯುವುದೇ ಚದರ ಮೀಟರಿಗೆ 150 ಕಿಲೋ. ಹಳೆಯ ಸ್ಲ್ಯಾಬಿಗೆ ಆ ಭಾರ ಯಾಕೆ?

ಗೌಂಡಿ_ಕೆಲಸ, ಖಾನಾಪುರ

ಕೋಬಾ ತೆಗೆಯುವುದಕ್ಕೆ ನಾನು ಸಹಜವಾಗಿ ಒಪ್ಪುವುದಿಲ್ಲ ಸಾಹೇಬರೇ. ಬ್ರೇಕರ್ ಹಚ್ಚಿದರೆ ಹಳೆಯ ಸ್ಲ್ಯಾಬಿಗೆ ಪೆಟ್ಟು ಬೀಳುತ್ತದೆ. ಇಳಿಜಾರೆಲ್ಲ ಕೋಬಾದಲ್ಲೇ ಇರುತ್ತದೆ, ತೆಗೆದರೆ ಮತ್ತೆ ಹೊಸದಾಗಿ ಕೊಡಬೇಕು. ಈಗ ಫೆಬ್ರುವರಿ. ಬಿರುಕು ಬಿಡಿಸಿಟ್ಟು ಏಪ್ರಿಲ್ ತನಕ ಬಿಸಿಲಿಗೆ ಬಿಟ್ಟರೆ ಬಹಳಷ್ಟು ಕೋಬಾ ತಾನೇ ಒಣಗುತ್ತದೆ. ಅಡ್ಡಮಳೆ ಬರುವ ಸೂಚನೆ ಇದ್ದ ದಿನ ತಾಡಪತ್ರಿ ಹೊದಿಸಿ. ಆಮೇಲೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ ನಿರ್ಧಾರ ಮಾಡಿ.

ನವನಗರ_ಸೈಟ್, ಬಾಗಲಕೋಟೆ

ಒಪ್ಪಿದೆ. ಒಣಗಲು ಬಿಟ್ಟು ನೋಡುವುದೇ ಮೊದಲ ಹೆಜ್ಜೆ. ಕೈಯಿಂದ ತೆಗೆದರೆ ಪೆಟ್ಟು ಕಡಿಮೆ. ಆದರೆ ಅದು ಕೊನೆಯ ದಾರಿ ಆಗಿರಲಿ.

ಗುಮ್ಮಟನಗರಿ, ವಿಜಯಪುರ

ನಮ್ಮಲ್ಲಿ ಸೋರುವುದಕ್ಕಿಂತ ಕಾಯುವುದೇ ದೊಡ್ಡ ತೊಂದರೆ. ಬೆಳಗಾವಿಯ ಅರ್ಧದಷ್ಟು ಮಳೆಯೂ ವಿಜಯಪುರಕ್ಕೆ ಬರುವುದಿಲ್ಲ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಪೂರ್ತಿ ಕೋಣೆಯೊಳಗೆ ಬಿಸಿ ಬಿಡುತ್ತದೆ. ಅದಕ್ಕೇ ಅಲ್ವಾ ಎಲ್ಲರೂ ಟೆರೇಸ್ ಮೇಲೆ ಹಾಸಿಗೆ ಹಾಸುವುದು.

ನಮ್ಮ ಮೇಲ್ಮನೆಗೆ ಬಿಳಿ ಅಕ್ರಿಲಿಕ್ ಕೋಟಿಂಗ್ ಹಾಕಿಸಿದೆವು. ಮೊದಲು ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಬಟ್ಟೆ ತರಲು ಹೋದರೆ ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಈಗ ನಿಂತು ಬಟ್ಟೆ ಮಡಚಬಹುದು. ಒಳಗೂ ವ್ಯತ್ಯಾಸ ಗೊತ್ತಾಗುತ್ತದೆ. ರಾತ್ರಿ ಫ್ಯಾನ್ ಗಾಳಿ ಬಿಸಿ ಹೊಡೆಯುವುದು ಕಡಿಮೆಯಾಗಿದೆ. ಆದರೆ ಧೂಳಿಗೆ ಬಿಳಿ ಉಳಿಯುವುದಿಲ್ಲ. ಎರೆಮಣ್ಣಿನ ಧೂಳು ಕೂತು ಬೂದಿ ಬಣ್ಣ ಆಗಿಬಿಡುತ್ತದೆ.

ನನಗೂ ಕೆಲವು ಪ್ರಶ್ನೆ ಇವೆ. ಇದರ ಮೇಲೆ ಸಂಡಿಗೆ, ಶಾವಿಗೆ ಒಣಗಿಸಬಹುದಾ? ಕಬ್ಬಿಣದ ಕಾಟು ಎಳೆದರೆ ಹರಿಯುತ್ತದಾ? ಟೆರೇಸಿನ ಮಳೆ ನೀರು ನಾವು ಟಾಕಿಗೆ ಹಿಡಿಯುತ್ತೇವೆ, ಕುಡಿಯಲು ಬಳಸಬಹುದಾ?

ನವನಗರ_ಸೈಟ್, ಬಾಗಲಕೋಟೆ

ಅಕ್ಕಾ, ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಅದನ್ನೇ ಮೊದಲು ಹೇಳುತ್ತೇನೆ. ಬಹಳಷ್ಟು ಹೊರಗಿನ ಕೋಟಿಂಗುಗಳಲ್ಲಿ ಪಾಚಿ, ಬೂಷ್ಟು ಬರದಂತೆ ಔಷಧ ಸೇರಿಸಿರುತ್ತಾರೆ. ಮಳೆ ನೀರು ಹಿಡಿಯುವ ಚಾವಣಿಯ ಕೋಟಿಂಗಿಗೆ ಎನ್‌ಎಸ್‌ಎಫ್ ಪಿ151 ಎಂಬ ಪ್ರಮಾಣಪತ್ರ ಇದೆ. ನಿಮ್ಮ ಮಾಲಿಗೆ ಅದು ಇದೆಯಾ ಕೇಳಿ. ಇಲ್ಲದಿದ್ದರೆ ಆ ನೀರು ಗಿಡಕ್ಕೆ, ತೊಳೆಯಲು ಇರಲಿ. ಕುಡಿಯಲು, ಅಡುಗೆಗೆ ಬೇಡ. ಪ್ರಮಾಣಪತ್ರ ಇದ್ದರೂ ಹೊಸ ಕೋಟಿಂಗಿನ ಮೊದಲ ಕೆಲವು ಮಳೆ ನೀರು ಹೊರಗೇ ಹೋಗಲಿ.

ಸಂಡಿಗೆಯನ್ನೂ ನೇರವಾಗಿ ಹಾಕಬೇಡಿ, ಬಟ್ಟೆಯೋ ಪ್ಲಾಸ್ಟಿಕ್ ಹಾಳೆಯೋ ಹಾಸಿಕೊಳ್ಳಿ. ಕಾಟು ಎಳೆದರೆ ಹರಿಯುತ್ತದೆ, ಎತ್ತಿ ಇಡಿ, ಕಾಲಿಗೆ ರಬ್ಬರ್ ಬುಷ್ ಹಾಕಿ. ದಿನಾ ಓಡಾಟ, ಮಕ್ಕಳ ಆಟ, ಕಾಳು ಒಣಗಿಸುವುದು ಎಲ್ಲ ಇರುವ ಟೆರೇಸಿಗೆ ಬರಿ ಅಕ್ರಿಲಿಕ್ ಹೆಚ್ಚು ದಿನ ಬಾಳುವುದಿಲ್ಲ. ಕೋಟಿಂಗ್ ಮೇಲೆ ಬಿಳಿ ಟೈಲ್ಸ್ ಹಾಕುವ ವಿಚಾರ ಇದ್ದರೆ ಕೆಳಗೆ ಈ ಅಕ್ರಿಲಿಕ್ ಬದಲು ಎರಡು ಭಾಗ ಕಲಸಿ ಹಚ್ಚುವ ಪಾಲಿಮರ್ ಸಿಮೆಂಟ್ ಕೋಟಿಂಗ್ ಬಳಸುತ್ತಾರೆ.

ಬಿಳಿ ಬಣ್ಣದ ವಿಷಯದಲ್ಲಿ ನಿಮ್ಮ ಮಾತು ಸರಿ. ಹೊಸ ಬಿಳಿ ಕೋಟಿಂಗ್ ಬಿಸಿಲಿನ ಸುಮಾರು ಶೇ 80ರಷ್ಟನ್ನು ತಿರುಗಿ ಕಳಿಸುತ್ತದೆ. ಧೂಳು ಕೂತಷ್ಟೂ ಅದು ಇಳಿಯುತ್ತದೆ. ಯುಗಾದಿ ಹೊತ್ತಿಗೆ ಒಮ್ಮೆ ಮೆತ್ತನೆಯ ಬ್ರಷ್, ಸೋಪಿನ ನೀರು ಹಾಕಿ ತೊಳೆದರೆ ಬೇಸಿಗೆಗೆ ಬೇಕಾದಷ್ಟು ಬಿಳುಪು ವಾಪಸ್ ಬರುತ್ತದೆ. ಕೆಲವರು ಚೆಂದ ಕಾಣಲಿ ಎಂದು ಇಟ್ಟಿಗೆ ಕೆಂಪು ಬಣ್ಣದ ಕೋಟಿಂಗ್ ಹಾಕಿಸುತ್ತಾರೆ. ವಿಜಯಪುರ, ಬಾಗಲಕೋಟೆಯಲ್ಲಿ ಅದು ಬೇಡವೇ ಬೇಡ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ನಮ್ಮ ಮೂರು ಜಿಲ್ಲೆಗಳಿಗೂ ಇಂಥದ್ದು ಬೇಕು ಎಂದು ನಾನು ಬಹಳ ದಿನಗಳಿಂದ ಹೇಳುತ್ತಲೇ ಇದ್ದೇನೆ. ಆಶ್ರಯ ಮನೆಗಳ ಸಣ್ಣ ಸ್ಲ್ಯಾಬಿನ ಕೆಳಗೆ ಬೇಸಿಗೆ ಮಧ್ಯಾಹ್ನ ಕೂಸುಗಳನ್ನು ಮಲಗಿಸುವ ತಾಯಂದಿರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ಯೋಚಿಸಿ.

ಮಗ್ಗದ_ಮನೆ, ಬನಹಟ್ಟಿ

ನಮ್ಮದು ಪವರ್‌ಲೂಮ್ ಶೆಡ್ಡು, ಮೇಲೆ ಹಳೆಯ ಸಿಮೆಂಟ್ ಶೀಟು. ಬೇಸಿಗೆಯಲ್ಲಿ ಮಗ್ಗದ ಮುಂದೆ ನಿಲ್ಲುವುದು ಬಹಳ ಕಷ್ಟ. ಶೀಟಿನ ಮೇಲೆ ಈ ಬಿಳಿ ಕೋಟಿಂಗ್ ಹಾಕಬಹುದಾ?

ನವನಗರ_ಸೈಟ್, ಬಾಗಲಕೋಟೆ

ಹಾಕಬಹುದು, ತಂಪೂ ಆಗುತ್ತದೆ. ಆದರೆ ಇಲ್ಲಿ ಜೀವದ ಪ್ರಶ್ನೆ ಇದೆ, ದಯವಿಟ್ಟು ಗಮನ ಕೊಡಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಒಣಗಿದ್ದಾಗ ತಂತಿ ಬ್ರಷ್ ಹಾಕಿ ತಿಕ್ಕಲೇಬಾರದು, ಪ್ರೆಶರ್ ನೀರೂ ಬೇಡ. ಎದ್ದ ನಾರಿನ ಧೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ತನಕ ಹೋಗುತ್ತದೆ. ಪಾಚಿ ಕೊಲ್ಲುವ ದ್ರಾವಣ ಸಿಂಪಡಿಸಿ, ಒದ್ದೆ ಇರುವಾಗ ಮೆತ್ತಗೆ ಒರೆಸುವ ಕೆಲಸವನ್ನೂ ಅದು ತಿಳಿದವರಿಂದ, ಸರಿಯಾದ ಮಾಸ್ಕ್ ಹಾಕಿಸಿ ಮಾಡಿಸಿ.

ಇನ್ನೊಂದು, ಹಳೆಯ ಶೀಟಿನ ಮೇಲೆ ನೇರ ಕಾಲಿಟ್ಟರೆ ಮುರಿದು ಕೆಳಗೆ ಬೀಳುತ್ತಾರೆ. ಪರ್ಲಿನ್, ಅಂದರೆ ಶೀಟು ಹೊತ್ತ ಅಡ್ಡ ತೊಲೆ, ಇರುವ ಸಾಲಿಗೆ ಅಡ್ಡ ಹಲಗೆ ಹಾಸಿ, ಸುರಕ್ಷಾ ಬೆಲ್ಟ್ ಕಟ್ಟಿಯೇ ಏರಬೇಕು. ಕೆಳಗೆ ಮಗ್ಗ ಇರುತ್ತದೆ, ಬಿದ್ದರೆ ಉಳಿಯುವುದು ಕಷ್ಟ. ಶೀಟು ಪುಡಿಪುಡಿ ಆಗುತ್ತಿದ್ದರೆ ಕೋಟಿಂಗಿಗೆ ದುಡ್ಡು ಹಾಕಬೇಡಿ, ಬದಲಾಯಿಸುವ ಯೋಚನೆ ಮಾಡಿ.

ಬಣ್ಣದ_ಅಂಗಡಿ, ಅಥಣಿ

ತಗಡಿನ ಶೆಡ್ ಇರುವವರಿಗೂ ಸೇರಿಸುತ್ತೇನೆ. ತಗಡಿನಲ್ಲಿ ಸೋರುವುದು ಸ್ಕ್ರೂ ತಲೆ ಮತ್ತು ಜೋಡು. ಸ್ಕ್ರೂ ವಾಷರ್ ಬದಲಿಸಿ, ಜೋಡಿಗೆ ಜಾಳಿಗೆ ಪಟ್ಟಿ ಹಾಕಿ, ತುಕ್ಕು ಕೆರೆದು ಪ್ರೈಮರ್ ಹೊಡೆದ ಮೇಲೆಯೇ ಕೋಟಿಂಗ್. ಹೊಳೆಯುವ ಹೊಸ ಜಿಂಕ್ ತಗಡಿಗೆ ಅದರದೇ ಪ್ರೈಮರ್ ಬೇಕು, ಇಲ್ಲದಿದ್ದರೆ ಅಂಟುವುದಿಲ್ಲ.

ಎರೆಭೂಮಿ, ಸಿಂದಗಿ

ನಮ್ಮ ಮನೆ ಎರೆಭೂಮಿಯ ಮೇಲೆ ಇದೆ. ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು. ಬೇಸಿಗೆಯಲ್ಲಿ ಅಗಲವಾಗುತ್ತದೆ, ಮಳೆಗಾಲದಲ್ಲಿ ಕೂಡುತ್ತದೆ. ಹಿಗ್ಗುವ ಬಣ್ಣ ಅಂತಾರಲ್ಲ, ಅದನ್ನೇ ಗೋಡೆಗೆ ಹೊಡೆದರೆ ಮುಚ್ಚಿಕೊಳ್ಳುತ್ತದಾ?

ನವನಗರ_ಸೈಟ್, ಬಾಗಲಕೋಟೆ

ಕೂದಲೆಳೆ ಬಿರುಕಾದರೆ ಮುಚ್ಚುತ್ತದೆ. ನೀವು ಹೇಳುತ್ತಿರುವುದು ಬೇರೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಜೊತೆ ಅಡಿಪಾಯವೂ ಏಳುತ್ತದೆ, ಇಳಿಯುತ್ತದೆ. ಓರೆ ಬಿರುಕು ಅದರ ಗುರುತು. ಬಿರುಕಿನ ಎರಡೂ ಕಡೆ ಪೆನ್ಸಿಲಿನಿಂದ ಗುರುತು ಹಾಕಿ, ನಡುವಿನ ಅಳತೆ ಮತ್ತು ತಾರೀಖು ಗೋಡೆಯ ಮೇಲೇ ಬರೆಯಿರಿ. ತಿಂಗಳಿಗೊಮ್ಮೆ ಅಳೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೆ ಎಷ್ಟು ಓಡಾಡುತ್ತಿದೆ ಅಂತ ಗೊತ್ತಾಗುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಓಡಾಡುತ್ತಿದ್ದರೆ ಯಾವ ಬಣ್ಣವೂ ತಡೆಯುವುದಿಲ್ಲ.

ಮೊದಲು ಗೋಡೆ ಬುಡಕ್ಕೆ ನೀರು ಇಳಿಯುವುದನ್ನು ನಿಲ್ಲಿಸಿ. ಮನೆ ಸುತ್ತ ಮೂರ್ನಾಲ್ಕು ಅಡಿ ಅಗಲ ಕಾಂಕ್ರೀಟ್ ಕಟ್ಟೆ ಹೊರಕ್ಕೆ ಇಳಿಜಾರಾಗಿ ಇರಲಿ. ಬಚ್ಚಲ ನೀರು, ಟೆರೇಸ್ ಪೈಪಿನ ನೀರು ದೂರ ಹೋಗಲಿ. ಗೋಡೆಗೆ ಅಂಟಿ ಬೇವಿನ ಗಿಡ ಇದ್ದರೆ ಅದರ ಬೇರೂ ಮಣ್ಣಿನ ನೀರು ಎಳೆಯುತ್ತದೆ. ಬಿರುಕು ದೊಡ್ಡದಾಗುತ್ತಲೇ ಹೋದರೆ ಎಂಜಿನಿಯರನ್ನು ಕರೆಸಿ ಅಡಿಪಾಯ ತೋರಿಸಿ.

ಕಲ್ಲಿನ_ಮನೆ, ಇಳಕಲ್

ನಮ್ಮದು ಅಜ್ಜನ ಕಾಲದ ಕಲ್ಲಿನ ಮನೆ. ಮಣ್ಣಿನ ಗಾರೆಯ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಗ ಈ ಕೋಟಿಂಗ್ ವಿಡಿಯೊ ನೋಡಿ ಗೋಡೆಗೂ ಮಾಳಿಗೆಗೂ ಹಾಕಿಸೋಣ ಅನ್ನುತ್ತಿದ್ದಾನೆ.

ಗೌಂಡಿ_ಕೆಲಸ, ಖಾನಾಪುರ

ಬೇಡ ಕಾಕಾ. ಮಣ್ಣಿನ ಗೋಡೆ, ಸುಣ್ಣದ ಗೋಡೆ ನೀರನ್ನು ಕುಡಿದು ಮತ್ತೆ ಹೊರಗೆ ಬಿಡುತ್ತಲೇ ಇರುತ್ತವೆ. ಹೊರಗಿನಿಂದ ರಬ್ಬರ್ ಮುಚ್ಚಿದರೆ ಬುಡದಿಂದ ಏರಿದ ತೇವ ಹೊರಬರಲು ದಾರಿ ಇಲ್ಲ. ಒಳಗಿನ ಮಣ್ಣೇ ಮೆತ್ತಗಾಗುತ್ತದೆ. ಗಾರೆ ಹೋದ ಕಡೆ ಅದೇ ಜಾತಿ ಗಾರೆ ತುಂಬಿಸಿ. ಬೇಕಾದರೆ ಸುಣ್ಣ ಬಳಿಯಿರಿ. ಮಾಳಿಗೆಯ ಮಣ್ಣು ಹಂಗಾಮಿಗೆ ಅಲುಗಾಡುತ್ತದೆ, ಅದರ ಮೇಲೆ ಕೋಟಿಂಗ್ ನಿಲ್ಲುವುದೇ ಇಲ್ಲ. ಮಳೆಗಾಲದ ಮೊದಲು ಮಾಳಿಗೆಗೆ ಮಣ್ಣು ಹಾಕಿ ಬಡಿಯುವ ಹಿರಿಯರ ಪದ್ಧತಿಯೇ ಇರಲಿ. ವಿಜಯಪುರದ ಗೋಳಗುಮ್ಮಟದ ಮೇಲಿನ ಗುಮ್ಮಟ ಇಟ್ಟಿಗೆ, ಸುಣ್ಣದ ಗಾರೆಯ ಕೆಲಸ. 17ನೇ ಶತಮಾನದಿಂದ ನಿಂತಿದೆ. ಹಳೆಯ ಕಟ್ಟಡಕ್ಕೆ ಹಳೆಯ ಸಾಮಾನೇ ಒಗ್ಗುತ್ತದೆ.

ಶಹಾಪುರ_ಓಣಿ, ಬೆಳಗಾವಿ

ನಮ್ಮ ಪಶ್ಚಿಮದ ಗೋಡೆ ಉಳಿದುಬಿಟ್ಟಿತು. ನಮ್ಮದು ಇಟ್ಟಿಗೆ, ಸಿಮೆಂಟ್ ಗಿಲಾವು. ಟೆರೇಸಿನ ಕೋಟಿಂಗನ್ನೇ ಹೊಡೆಯಬಹುದಾ?

ನವನಗರ_ಸೈಟ್, ಬಾಗಲಕೋಟೆ

ಗೋಡೆಗೆ ಗೋಡೆಯ ಎಲಾಸ್ಟೊಮೆರಿಕ್ ಕೋಟಿಂಗೇ ತಗೊಳ್ಳಿ. ಅದು ಮಳೆ ಹನಿ ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ಟೆರೇಸಿನದು ಗೋಡೆಯ ಮೇಲೆ ಜಾರುತ್ತದೆ, ಧೂಳು ಹಿಡಿಯುತ್ತದೆ, ಉಸಿರಾಡುವುದೂ ಕಡಿಮೆ.

ಬೆಳಗಾವಿಯಲ್ಲಿ ಮುಂಗಾರು ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಮಳೆ ಓರೆಯಾಗಿ ಬಂದು ಅದೇ ಗೋಡೆಗೆ ತಿಂಗಳುಗಟ್ಟಲೆ ಹೊಡೆಯುತ್ತದೆ. ಗಿಲಾವಿನ ಸಣ್ಣ ಬಿರುಕುಗಳು ಅಷ್ಟೂ ನೀರು ಎಳೆದುಕೊಳ್ಳುತ್ತವೆ. ಇಂಥ ಗೋಡೆಗೆ ಈ ಕೋಟಿಂಗ್ ನಿಜಕ್ಕೂ ಸರಿಯಾದ ಮದ್ದು. ಆದರೆ ಮೊದಲು ಪ್ಯಾರಾಪೆಟ್ ತಲೆ ನೋಡಿ. ಅಲ್ಲಿನ ಗಿಲಾವು ಸೀಳಿದ್ದರೆ ನೀರು ಮೇಲಿನಿಂದಲೇ ಗೋಡೆಯೊಳಗೆ ಇಳಿಯುತ್ತಿರುತ್ತದೆ. ಕಿಟಕಿ ಸಜ್ಜಾದ ಮೇಲ್ಭಾಗ, ಪೈಪ್ ಕ್ಲ್ಯಾಂಪಿನ ತೂತು, ಇವನ್ನೂ ನೋಡಿ. ತೇವ ನೆಲದಿಂದ ಮೂರಡಿ ತನಕ ಮಾತ್ರ ಇದ್ದು, ಬಿಳಿ ಉಪ್ಪು ಒಡೆಯುತ್ತಿದ್ದರೆ ಅದು ಮಳೆಯದಲ್ಲ, ನೆಲದಿಂದ ಏರಿದ್ದು. ಅಲ್ಲಿ ಕೋಟಿಂಗ್ ಹಾಕಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಗೋಡೆ ಈ ಬೇಸಿಗೆ ಪೂರ್ತಿ ಒಣಗಲಿ, ಉದುರಿದ ಒಳಗಿನ ಪುಟ್ಟಿ ಕೆರೆದು ಬರಿದಾಗಿ ಬಿಡಿ. ಹೊರಗಿನಿಂದ ಹೊಡೆಯಿರಿ. ಒಳಗಿನಿಂದ ರಬ್ಬರ್ ಬಣ್ಣ ಹೊಡೆಯುವ ಸಲಹೆ ಬಂದರೆ ಬೇಡ ಅನ್ನಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ದೇವರ ಮನೆಯ ಚಾವಣಿಯಲ್ಲಿ ಕಾಂಕ್ರೀಟ್ ಉಬ್ಬಿ, ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯಾ ನೋಡಿ. ಕಾಣುತ್ತಿದ್ದರೆ ಮೊದಲು ಅದರ ರಿಪೇರಿ. ಮೇಲೆ ಎಷ್ಟೇ ಕೋಟಿಂಗ್ ಹಾಕಿದರೂ ಒಳಗಿನ ತುಕ್ಕು ನಿಲ್ಲುವುದಿಲ್ಲ.

ಶಹಾಪುರ_ಓಣಿ, ಬೆಳಗಾವಿ

ಕಬ್ಬಿಣ ಕಾಣುತ್ತಿಲ್ಲ, ಬರೀ ಕಲೆ. ನಿನ್ನೆ ಕಾಂಟ್ರ್ಯಾಕ್ಟರ್ ಜೊತೆ ಕೂತು ಲೆಕ್ಕ ತೋರಿಸಿದೆ. ಮೊದಲು ಮುಖ ಸಣ್ಣದು ಮಾಡಿದರು, ಆಮೇಲೆ ಒಪ್ಪಿದರು. "ಚದರಡಿ ರೇಟಿಗೆ ಕೇಳಿದರೆ ಎರಡು ಡಬ್ಬಿಗೇ ಬರೋದು ಸರ್, ನೀವು ದಪ್ಪ ಕೇಳಿದರೆ ದಪ್ಪ ಕೊಡತೀವಿ" ಎಂದರು. ಅವರ ಮಾತೂ ಸರಿ ಅನಿಸಿತು. ಆರು ಡಬ್ಬಿ, ಮೂಲೆಗಳಿಗೆ ಜಾಳಿಗೆ, ತಗ್ಗು ತುಂಬುವುದು ಎಲ್ಲ ಬರೆದು ಹೊಸ ಕೊಟೇಶನ್ ಕೊಡುತ್ತಾರೆ. ಹೊಡೆಯುವ ದಿನ ನಾನು ಏನು ನೋಡಬೇಕು?

ಗೌಂಡಿ_ಕೆಲಸ, ಖಾನಾಪುರ

ಡಬ್ಬಿ ಸೀಲ್ ನಿಮ್ಮೆದುರೇ ಒಡೆಯಲಿ, ಖಾಲಿ ಡಬ್ಬಿ ಸಂಜೆ ತನಕ ಅಲ್ಲೇ ಇರಲಿ. ಮೊದಲ ತೆಳು ಕೈಗೆ, ಅಂದರೆ ಪ್ರೈಮರಿಗೆ, ಕಂಪನಿಯ ತಾಂತ್ರಿಕ ಹಾಳೆಯಲ್ಲಿ ಹೇಳಿದಷ್ಟೇ ನೀರು. ಆಮೇಲಿನ ಕೋಟುಗಳಿಗೆ ನೀರು ಬೆರೆಸಬಾರದು. ಬೇಗ ಓಡಲಿ ಅಂತ ನೀರು ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಮಧ್ಯದ ಕೋಟಿಗೆ ತುಸು ಬೂದಿ ಬಣ್ಣ, ಕೊನೆಯದಕ್ಕೆ ಬಿಳಿ ತರಿಸಿ. ಬಿಟ್ಟುಹೋದ ಜಾಗ ದೂರದಿಂದಲೇ ಕಾಣುತ್ತದೆ. ಒಂದು ಕೋಟ್ ಉದ್ದಕ್ಕೆ ಹೊಡೆದರೆ ಮುಂದಿನದು ಅಡ್ಡಕ್ಕೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ನೆಲ ಕಾಯುವ ಮೊದಲು ನಿಲ್ಲಿಸಿ. ಉರಿ ಬಿಸಿಲಿನಲ್ಲಿ ಹೊಡೆದರೆ ಮೇಲಿನ ಕೆನೆ ಬೇಗ ಒಣಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಸೂಜಿ ತೂತು ಬೀಳುತ್ತವೆ. ಏಪ್ರಿಲಿನಲ್ಲಿ ಸಂಜೆ ಹೊತ್ತು ಅಡ್ಡಮಳೆಯ ಭಯ, ಅದಕ್ಕೆ ಬೆಳಗಿನ ಹೊತ್ತೇ ಲೇಸು.

ನವನಗರ_ಸೈಟ್, ಬಾಗಲಕೋಟೆ

ಎಲ್ಲ ಮುಗಿದು ಒಂದು ವಾರ ಒಣಗಿದ ಮೇಲೆ ಪೈಪ್ ಬಾಯಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ನೋಡಿ, ಒಳಗೆ ದೇವರ ಮನೆ ಮೂಲೆ ಗಮನಿಸಿ. ನಿಮ್ಮ ಟೆರೇಸಿಗೆ ಒಂದು ಇಂಚು ಅಂದರೆ 2300 ಲೀಟರಿನಷ್ಟು ನೀರು, ಅದಕ್ಕಿಂತ ಜಾಸ್ತಿ ಬೇಡ. ಕೊನೆಯ ಹಣ ಈ ಪರೀಕ್ಷೆ ಆದ ಮೇಲೆ ಕೊಡುವುದಾಗಿ ಈಗಲೇ ಕಾಗದದಲ್ಲಿ ಬರೆಸಿ. ಗ್ಯಾರಂಟಿ ಕಾಗದದಲ್ಲೂ ಬರೀ "ಏಳು ವರ್ಷ" ಸಾಲದು. ಮಾಲಿನ ಹೆಸರು, ಎಷ್ಟು ಲೀಟರ್, ಒಣಗಿದ ದಪ್ಪ ಎಷ್ಟು, ಸೋರಿದರೆ ಯಾರು ಎಷ್ಟು ದಿನದೊಳಗೆ ಬರಬೇಕು, ಇಷ್ಟು ಇರಲಿ.

ಬಣ್ಣದ_ಅಂಗಡಿ, ಅಥಣಿ

ಉಳಿದ ಮಾಲನ್ನು ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ನೆರಳಲ್ಲಿಡಿ. ಮೇಲೆ ಮಾಲಿನ ಹೆಸರು, ಬ್ಯಾಚ್, ತಾರೀಖು ಬರೆಯಿರಿ. ಮುಂದೆ ಸೋಲಾರಿನವರೋ ಕೇಬಲಿನವರೋ ಬಂದು ತೂತು ಕೊರೆದರೆ ಅದೇ ದಿನ ಹಚ್ಚಲು ಬೇಕಾಗುತ್ತದೆ.